ಚಿಕ್ಕಮ್ಮನಿಗೆ ಸಿಕ್ಕ ವಿನಾಯಿತಿ

ನನ್ನ ಚಿಕ್ಕಮ್ಮನಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಬಾಯಿ ಮಾತ್ರ ಇಬ್ಬರಿಗಾಗುವಷ್ಟಿದೆ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತೇ ರಿಟೈರಾದವಳು. ಊರಿನವರ ಹೊಟ್ಟೆನೋವೆಲ್ಲ ತನ್ನ ಕಿವಿ ದಾಟಿಯೇ ಡಾಕ್ಟರ ಹತ್ತಿರ ಹೋಗಬೇಕಿತ್ತು ಎಂದು ಈಗಲೂ ಜಂಬ ಕೊಚ್ಚುತ್ತಾಳೆ.

ಅವಳಿಗೆ ಬೇಕಿದ್ದದ್ದು ಆ ಕುರ್ಚಿಯಲ್ಲ. ಅವಳ ಅಪ್ಪ, ಅಂದರೆ ನನ್ನ ತಾತ, ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಸಡಿಲವಾದ ತಂತಿಯನ್ನು ಬೆರಳಲ್ಲೇ ಹುಡುಕುವುದನ್ನು ಮಗಳಿಗೆ ಕಲಿಸಿದ್ದರು. ಸತ್ತಂತಿದ್ದ ರೇಡಿಯೋ ಕೊರ್ ಎಂದು ಬಾಯಿಬಿಟ್ಟರೆ ಇವಳ ಪ್ರಶ್ನೆಗಳು ಶುರು: ತಂತಿಯೊಳಗೆ ಹರಿಯುವುದೇನು, ತುಂಡಾದರೆ ಯಾಕೆ ನಿಲ್ಲುತ್ತದೆ? ತಾತನಿಗೆ ಕೆಲಸ ಗೊತ್ತಿತ್ತೇ ಹೊರತು ಕಾರಣ ಗೊತ್ತಿರಲಿಲ್ಲ. ಹೈಸ್ಕೂಲಿಗೆ ಹೋಗು, ಅಲ್ಲಿ ಹೇಳಿಕೊಡುತ್ತಾರೆ ಎನ್ನುತ್ತಿದ್ದರು.

ಹೈಸ್ಕೂಲಿನಲ್ಲಿ ಸಿಕ್ಕಿದ್ದು ವಿನಾಯಿತಿ. ಚಿತ್ರ ಬರೆಯಲಾಗದ ಹುಡುಗಿಗೆ ವಿಜ್ಞಾನ, ಗಣಿತ ಎರಡೂ ಬೇಡ, ಬದಲಿಗೆ ಸಂಗೀತ ಕಲಿಯಲಿ ಎಂದು ಹೆಡ್‌ಮಾಸ್ಟರು ಕರುಣೆಯಿಂದಲೇ ಹೇಳಿದರು. ಅವಳ ಹಾಡನ್ನು ಒಮ್ಮೆ ಕೇಳಿದ್ದರೆ ಆ ಮಾತು ಆಡುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಖುಷಿ. ಗಣಿತದಲ್ಲಿ ಫೇಲಾದ ಮಗನನ್ನು ಬೈಯುತ್ತಿದ್ದ ಪಕ್ಕದ ಮನೆಯಾಕೆ, ಇವಳೇ ಪುಣ್ಯವಂತೆ ಎಂದಳಂತೆ.

"ಸ್ಕೂಲಲ್ಲೇ ಬೇಡ ಅಂದ್ಮೇಲೆ ಇಲ್ಯಾಕಮ್ಮ? ಕೈ ಸುಟ್ಕೋತೀಯ," ಎಂದು ತಾತ ಅಂಗಡಿಯಲ್ಲಿದ್ದ ಅವಳ ಸ್ಟೂಲನ್ನೂ ಎತ್ತಿಟ್ಟರು.

ಯಾರೂ ಅವಳಿಗೆ ಕೆಟ್ಟದ್ದು ಬಯಸಲಿಲ್ಲ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. ಯಾರನ್ನಂತ ಬೈಯಲಿ?

ಈಚೆಗೆ ನಮ್ಮ ಬೀದಿಯ ಲೈಬ್ರರಿಯಲ್ಲಿ ಕಣ್ಣು ಕಾಣದ ಮಕ್ಕಳಿಗೆಂದು ಶನಿವಾರದ ವಿಜ್ಞಾನ ತರಗತಿ ಶುರುವಾಯಿತು. ಚಿಕ್ಕಮ್ಮನನ್ನು ನಾನೇ ಕರೆದುಕೊಂಡು ಹೋದೆ. ರಟ್ಟಿನ ಮೇಲೆ ದಪ್ಪ ದಾರ ಅಂಟಿಸಿ, ಕರೆಂಟು ಹರಿಯುವ ದಾರಿಯ ಚಿತ್ರ ಮಾಡಿದ್ದರು. ಬ್ಯಾಟರಿಗೊಂದು ಗುಂಡಿ, ಬಲ್ಬಿಗೊಂದು ಉಂಗುರ. ಅವಳ ಬೆರಳು ದಾರ ಹಿಡಿದು ಒಂದು ಸುತ್ತು ಹೋಗಿ ಬಂತು. ಮತ್ತೊಂದು ಸುತ್ತು ಹೋಯಿತು.

"ಇಷ್ಟೇನಾ?" ಎಂದಳು. "ಒಂದು ದಾರ ಸಾಕಿತ್ತಾ?"

 

ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಚಿಕ್ಕಮ್ಮನ ಕೈಯನ್ನು ಇನ್ನೊಂದು ರಟ್ಟಿಗೆ ಎಳೆದು, ದಾರ ತುಂಡಾಗಿದ್ದ ಜಾಗದಲ್ಲಿ ಇಟ್ಟಳು. "ಅಜ್ಜಿ, ಇಲ್ಲಿ ಕಟ್ಟಾದ್ರೆ ಬಲ್ಬು ಯಾಕೆ ಆರತ್ತೆ?"

ಎಲ್ಲದಕ್ಕೂ ಉತ್ತರ ಇಟ್ಟುಕೊಂಡಿರುವ ಚಿಕ್ಕಮ್ಮ ತುಂಡಾದ ದಾರದ ಎರಡೂ ತುದಿಗಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು:

"ನಂಗೊತ್ತಿಲ್ಲ ಕಂದ. ನಂಗೆ ವಿನಾಯಿತಿ ಕೊಟ್ಟಿದ್ರು."