ತೊಳೆದು ಬಂದ ರಾಕ್ಷಸಿ

ದಾಂಡೇಲಿಯ ನಮ್ಮ ಓಣಿಯಲ್ಲಿ ಕ್ಯಾಸೆಟ್ ಅಂಗಡಿಯ ಕಾಕಾ ಪ್ರತಿ ಕ್ಯಾಸೆಟ್ಟನ್ನೂ ಅಂಗಿಯ ತುದಿಯಿಂದ ಒರೆಸಿ ಬಾಡಿಗೆಗೆ ಕೊಡುತ್ತಿದ್ದರು. ದೆವ್ವದ ಸಿನಿಮಾ ಆದರೆ, ‘ಅಂಜಬ್ಯಾಡ್ರಿ, ನಾ ಇದ್ದೇನಿ’ ಎನ್ನುತ್ತಿದ್ದರು. ಮಾಟಗಾತಿ ರಾಣಿಯ ಸಿನಿಮಾದಲ್ಲಿ ಅವಳು ರಾಕ್ಷಸಿಯಾಗುವ ಹೊತ್ತಿಗೆ ಟೇಪು ಸವೆದು ಬರೀ ಗೆರೆಗಳು ಕಾಣುತ್ತಿದ್ದವು. ಆ ಭಾಗವನ್ನು ಕಾಕಾ ಅಂಗಡಿಯಲ್ಲೇ ಅಭಿನಯಿಸಿ ತೋರಿಸುತ್ತಿದ್ದರು: ಕೋರೆಹಲ್ಲು, ಎರಡು ನಾಲಿಗೆ, ಬೆನ್ನಲ್ಲಿ ಇನ್ನೊಂದು ಮುಖ.

ಮುಂದೆ ಅದೇ ಸಿನಿಮಾ, ಚಿತ್ರವನ್ನೆಲ್ಲ ಸ್ವಚ್ಛ ಮಾಡಿದ ಸೀಡಿಯಾಗಿ ಬಂತು. ಅಕ್ಕ ಅದನ್ನು ನೋಡಿ, ಮರಳಿಸಲು ನನ್ನನ್ನೂ ಕಾಕಾನ ಅಂಗಡಿಗೆ ಕರೆದುಕೊಂಡು ಹೋದಳು.

‘ಕಾಕಾ, ರಾಕ್ಷಸಿ ಕಾಡಿಗಿ ಹಚ್ಚಿಕೊಂಡು ಸುಮ್ಮನ ನಿಂತಾಳ. ಬೆನ್ನಾಗಿನ ಮುಖ ಎಲ್ಲೈತ್ರಿ?’

ಗಿರಾಕಿಗಳೆಲ್ಲ ಕಾಕಾನತ್ತ ತಿರುಗಿದರು. ಅವರು ಸೀಡಿಯನ್ನು ನಿಧಾನವಾಗಿ ಒರೆಸಿದರು.

‘ಭಾಳ ತೊಳದಾರವಾ. ಮುಖಾನೂ ಹೋಗೇತಿ.’

ಗಿರಾಕಿಗಳು ತಲೆಯಾಡಿಸಿದರು.

‘ಹಂಗಾರ ಹಳೇದ ಕೊಡ್ರಿ,’ ಎಂದಳು ಅಕ್ಕ.

ಕಾಕಾ ನಮಗೆ ಬೆನ್ನು ತಿರುಗಿಸಿ ನಿಂತು, ಆ ಮುಖವನ್ನು ಮತ್ತೆ ತೋರಿಸತೊಡಗಿದರು.