ತಿರುವಿನಲ್ಲಿ ನಿಲ್ಲುತ್ತಿದ್ದ ಮೋಟರು

ಆ ವಿಮಾನದ ದೋಷ ಹುಡುಕುವ ಉಸಾಬರಿಗೆ ನಾನು ಹೋಗಬಾರದಿತ್ತು. ಹೋದರೂ ನಡುವೆ ಎಲ್ಲಾದರೂ ಕೈಚೆಲ್ಲಬೇಕಿತ್ತು. ಆದರೆ ಹಿಡಿದದ್ದನ್ನು ಅರ್ಧಕ್ಕೆ ಬಿಡುವ ಜಾಯಮಾನ ನನ್ನದಲ್ಲ. ಅದಕ್ಕಾಗಿ ವಿಜಯಪುರದ ತವರಿನಲ್ಲೂ ಬೈಸಿಕೊಂಡಿದ್ದೇನೆ, ಸೊಲ್ಲಾಪುರದ ಈ ಮನೆಯಲ್ಲೂ ಬೈಸಿಕೊಂಡಿದ್ದೇನೆ.

ವಿಮಾನ ನಮ್ಮ ಮಾವನವರದು. ರಿಮೋಟಿನಿಂದ ಹಾರಿಸುವ, ಫೋಮಿನ ಹಗುರ ವಿಮಾನ. ಬಟ್ಟೆ ಅಂಗಡಿಯ ಗಾದಿಯನ್ನು ಮಗನಿಗೆ, ಅಂದರೆ ನನ್ನ ಯಜಮಾನರಿಗೆ, ಬಿಟ್ಟುಕೊಟ್ಟ ಮೇಲೆ ಅವರಿಗೆ ಈ ಹುಚ್ಚು ಹತ್ತಿತು. ಸಕ್ಕರೆ ಕಾಯಿಲೆ ಅವರ ತಟ್ಟೆಯಿಂದ ಒಂದೊಂದನ್ನೇ ಎತ್ತಿಕೊಂಡು ಹೋಗಿತ್ತು. ಹೋಳಿಗೆ ಹೋಯಿತು, ಮಾವಿನಹಣ್ಣು ಹೋಯಿತು, ಕೊನೆಗೆ ಚಹಾ ಕೂಡ ಸಪ್ಪೆಯಾಯಿತು. “ಬಾಯಿಗಂತೂ ರುಚಿ ಇಲ್ಲ, ಕಣ್ಣಿಗರೆ ಇರ್ಲಿ ಬಿಡವಾ” ಅನ್ನುತ್ತಿದ್ದರು.

ಭಾನುವಾರ ಬಂತೆಂದರೆ ಅಕ್ಕಲಕೋಟ ದಾಟಿ ಕರಜಗಿಯ ನಮ್ಮ ಹೊಲಕ್ಕೆ ಹೋಗುತ್ತಿದ್ದೆವು. ಕಾರು ಓಡಿಸುವುದು ನಾನು, ವಿಮಾನ ಓಡಿಸುವುದು ಅವರು. ಜೋಳ ಕೊಯ್ದ ಮೇಲೆ ಆ ಹೊಲ ಬಟಾಬಯಲು. ಬದುವಿನ ಮೇಲೆ ನಿಂತ ಊರವರು, “ಸಾವ್ಕಾರ್ರು ಈಗ ಆಕಾಶದಾಗ ದುಕಾನ ಹಾಕ್ಯಾರ” ಎಂದು ನಗುತ್ತಿದ್ದರು. ಮಾವನವರೂ ನಗುತ್ತಿದ್ದರು. ವಾರವೆಲ್ಲ ಮುಖ ಗಂಟಿಕ್ಕಿಕೊಂಡು ಕೂರುವ ಮನುಷ್ಯ ಅಲ್ಲಿ ಬೇರೆಯೇ ಆಗಿಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ವಿಮಾನ ಬೀಳತೊಡಗಿತು. ಚೆನ್ನಾಗಿಯೇ ಹೋಗುತ್ತಿರುವುದು, ತಿರುವು ತೆಗೆದುಕೊಳ್ಳುವಾಗ ಮೋಟರಿನ ಸದ್ದು ತಟ್ಟನೆ ಅಡಗಿ ಮೂಗು ತಗ್ಗಿಸಿ ಇಳಿದುಬಿಡುವುದು. ಉತ್ತು ಬಿಟ್ಟ ಎರೆಮಣ್ಣು ಮೆತ್ತಗಿದ್ದದ್ದಕ್ಕೆ ಉಳಿದುಕೊಂಡಿತು. ಒಮ್ಮೆ ಮಾತ್ರ ಆಡು ಮೇಯಿಸುತ್ತಿದ್ದ ಹೆಂಗಸಿನ ಪಕ್ಕದಲ್ಲೇ ಬಿತ್ತು. ಆಕೆ ನಮ್ಮ ಜನ್ಮ ಜಾಲಾಡಿದಳು, ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಸುದ್ದಿ ಸೊಲ್ಲಾಪುರ ಮುಟ್ಟಿತು.

“ಮಂದಿ ತಲಿ ಮ್ಯಾಲ ಬಿದ್ರ ಏನ್ ಮಾಡ್ತೀರಿ ಅಪ್ಪಾ?” ಎಂದರು ಯಜಮಾನರು. “ಬಿಘಾಡ ಎಲ್ಲೈತಿ ಅಂತ ಗೊತ್ತಾಗಬೇಕು. ಇಲ್ಲಾಂದ್ರ ಇನ್ನ ಹಾರ್ಸೂದು ಬ್ಯಾಡ್ರಿ.”

ಮಾವನವರು ನನ್ನ ಮುಖ ನೋಡಿದರು. ಮದುವೆಗೆ ಮುಂಚೆ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೆ. ಈ ಮನೆಯಲ್ಲಿ ಅದು ಮಿಕ್ಸರ್ ಕೆಟ್ಟಾಗ ಮಾತ್ರ ಎಲ್ಲರಿಗೂ ನೆನಪಾಗುತ್ತಿತ್ತು. “ನಾ ಹುಡಕ್ತೀನ್ರಿ ಮಾವಾರ” ಎಂದೆ. ಅವರ ಭಾನುವಾರಗಳನ್ನು ಉಳಿಸಿಕೊಡುವವಳು ನಾನು ಎಂಬ ಜಂಬ ಆಗಲೇ ತಲೆಗೇರಿತ್ತು.

ಮೊದಲು ಬ್ಯಾಟರಿಯ ಮೇಲೆ ಅನುಮಾನ ಬಂತು. ಹಳೆಯ ಬ್ಯಾಟರಿ ಭಾರ ಬಿದ್ದಾಗ ಕುಸಿಯುತ್ತದೆ, ಆಗ ಮೋಟರಿನ ವೇಗ ನಿಯಂತ್ರಿಸುವ ಸರ್ಕೀಟು ಮೋಟರನ್ನು ತಾನಾಗಿ ನಿಲ್ಲಿಸುತ್ತದೆ. ಹೊಸ ಬ್ಯಾಟರಿ ಹಾಕಿದೆವು. ವಿಮಾನ ಮತ್ತೆ ಬಿತ್ತು. ಸರ್ಕೀಟೇ ಕಾಯುತ್ತಿರಬಹುದೆಂದು ಗಾಳಿಯಾಡಲು ಫೋಮಿನಲ್ಲಿ ಕಿಂಡಿ ಕೊರೆದೆ. ಬಿದ್ದ ಕೂಡಲೇ ಓಡಿಹೋಗಿ ಮುಟ್ಟಿ ನೋಡಿದರೆ ಅದು ಬಿಸಿಯೇ ಆಗಿರಲಿಲ್ಲ. ರಿಮೋಟಿನ ಸಂಕೇತ ತಪ್ಪುತ್ತಿದೆಯೇ ಅಂದರೆ, ಮೋಟರು ನಿಂತ ಮೇಲೂ ಬಾಲದ ಚುಕ್ಕಾಣಿ ಹೇಳಿದ ಮಾತು ಕೇಳುತ್ತಿತ್ತು. ತಿರುವಿನಲ್ಲೇ ನಿಲ್ಲುತ್ತದೆ ಎಂದಮೇಲೆ ಎಲ್ಲೋ ಬೆಸುಗೆ ಅಲುಗಾಡುತ್ತಿರಬೇಕು ಎಂದು ವಾದ ಹೂಡಿ, ಅಡುಗೆಮನೆಯ ಕಟ್ಟೆಯ ಮೇಲೆ ತಂತಿಗಳನ್ನೆಲ್ಲ ಬಿಚ್ಚಿ ಹೊಸದಾಗಿ ಬೆಸೆದೆ. ಅತ್ತೆಯವರು ಮೂಗು ಮುಚ್ಚಿಕೊಂಡು ಓಡಾಡಿದರು. “ಇದೂ ಅಲ್ರಿ” ಎಂದು ನಾನು ಹೇಳಿದಾಗೆಲ್ಲ ಮಾವನವರು, “ಛಲೋ ಆತು, ಒಂದ್ ಕಡಿಮಿ ಆತು” ಅನ್ನುತ್ತಿದ್ದರು.

ಮುಂದಿನ ಭಾನುವಾರ ಹೊಲದ ಬೇವಿನ ಮರದ ಕೆಳಗೆ ವಿಮಾನವನ್ನು ಹೊರಸಿನ ಕಾಲಿಗೆ ಬಿಗಿಯಾಗಿ ಕಟ್ಟಿದೆ. ರಿಮೋಟು ನಾನೇ ಹಿಡಿದು ಬ್ಯಾಟರಿ ಮುಗಿಯುವವರೆಗೆ ಮೋಟರು ತಿರುಗಿಸಿದೆ. ಚುಕ್ಕಾಣಿಯನ್ನು ಎಡಕ್ಕೂ ಬಲಕ್ಕೂ ಆಡಿಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಬೇರೆ ಬ್ಯಾಟರಿ ಹಾಕಿ, “ಈಗ ನೀವ ಹಿಡೀರಿ. ಮ್ಯಾಲ ಹೆಂಗ ತಿರಗಸ್ತೀರಿ ಹಂಗ ಮಾಡ್ರಿ” ಎಂದೆ.

ಎಡಗೈ ಹೆಬ್ಬೆರಳಿನ ಕೆಳಗೆ ಒಂದು ಕಡ್ಡಿ ಇರುತ್ತದೆ. ಅದನ್ನು ಮೇಲೆ ಕೆಳಗೆ ಸರಿಸಿದರೆ ಮೋಟರಿನ ವೇಗ, ಅಡ್ಡ ಸರಿಸಿದರೆ ತಿರುವು. ಮಾವನವರು ಅಡ್ಡ ಸರಿಸಿದರು. ಮೋಟರು ನಿಂತಿತು.

“ಸಿಕ್ತು! ಬಂದ್ ಬಿತ್ತು ನೋಡವಾ, ಬಂದ್ ಬಿತ್ತು!” ಕಳ್ಳನನ್ನು ಹಿಡಿದವರ ಹಾಗೆ ಅವರ ಮುಖ ಅರಳಿತು. ಅವರು ವಿಮಾನವನ್ನು ನೋಡುತ್ತಿದ್ದರು. ನಾನು ಅವರ ಹೆಬ್ಬೆರಳನ್ನು ನೋಡುತ್ತಿದ್ದೆ. ಅದು ಅಡ್ಡ ಹೋಗುತ್ತಲೇ ಕಡ್ಡಿಯನ್ನು ತಳಕ್ಕೆ ಎಳೆದುಕೊಂಡು ಬಂದಿತ್ತು. ಅವರಿಗೆ ಅದರ ಅರಿವೇ ಇರಲಿಲ್ಲ.

ನಮ್ಮ ಕಡೆ ಯಂತ್ರ ತಾನಾಗಿ ನಿಂತರೆ ಬಂದ್ ಬಿತ್ತು ಅನ್ನುತ್ತಾರೆ, ಯಾರಾದರೂ ನಿಲ್ಲಿಸಿದರೆ ಬಂದ್ ಮಾಡಿದರು ಅನ್ನುತ್ತಾರೆ. ಆ ಒಂದು ಮಾತಿನ ವ್ಯತ್ಯಾಸವನ್ನು ನಾನು ನುಂಗಿಕೊಳ್ಳಬಹುದಿತ್ತು. ನನ್ನ ನಾಲಗೆ ಸುಮ್ಮನಿರುವುದಲ್ಲ.

“ಬಂದ್ ಬೀಳಲಿಲ್ರಿ ಮಾವಾರ, ನೀವ ಬಂದ್ ಮಾಡಿದ್ರಿ.”

ಅವರು ನಕ್ಕರು. ಮತ್ತೆ ಮೋಟರು ಶುರು ಮಾಡಿ, ಈ ಸಲ ಬೆರಳನ್ನೇ ನೋಡುತ್ತ ತಿರುಗಿಸಿದರು. ಮೋಟರು ನಿಲ್ಲಲಿಲ್ಲ. ತಲೆಯೆತ್ತಿ ಆಕಾಶ ನೋಡುತ್ತ ತಿರುಗಿಸಿದರು. ನಿಂತಿತು. ಬೆರಳು ನೋಡಿಕೊಂಡು ವಿಮಾನ ಹಾರಿಸಲು ಯಾರಿಂದಲೂ ಆಗುವುದಿಲ್ಲ. ಅದು ನನಗಿಂತ ಮೊದಲು ಅವರಿಗೆ ತಿಳಿಯಿತು ಎಂದು ಕಾಣುತ್ತದೆ, ರಿಮೋಟನ್ನು ಮೆಲ್ಲಗೆ ಹೊರಸಿನ ಮೇಲೆ ಇಟ್ಟುಬಿಟ್ಟರು. ಎಷ್ಟೋ ಸಲ ಮೆಟ್ಟಿಲಿನಲ್ಲಿ ಚಪ್ಪಲಿ ಕಳಚಿ ಉಳಿದರೂ ಗೊತ್ತಾಗದೆ ಅವರು ಬರಿಗಾಲಲ್ಲಿ ಮುಂದೆ ನಡೆದದ್ದಿತ್ತು. ಮನೆಯವರೆಲ್ಲ ಮರೆವು ಎಂದು ನಕ್ಕಿದ್ದೆವು. ಅದು ಮರೆವಲ್ಲ ಎಂದು ಹೊಳೆದದ್ದು ಆಗ.

ನೀ ಹೇಳಿದ್ದು ಸರಿಯಾಯಿತು, ಇಲ್ಲದಿದ್ದರೆ ಯಾರಿಗಾದರೂ ಪೆಟ್ಟಾಗುತ್ತಿತ್ತು ಎಂದು ಯಜಮಾನರು ಈಗಲೂ ಅನ್ನುತ್ತಾರೆ. ಸರಿಯೇ, ನಾನು ಅಲ್ಲವೆನ್ನುವುದಿಲ್ಲ. ಆದರೆ ಅರಳಿದ್ದ ಆ ಮುಖವನ್ನು ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಅವರು ಆಮೇಲೆ ವಿಮಾನ ಮುಟ್ಟಲಿಲ್ಲ. ಭಾನುವಾರ ಟಿವಿಯ ಮುಂದೆ ಕೂರುತ್ತಾರೆ.

ಅವತ್ತು ಹೊಲದಿಂದ ಹೊರಡುವ ಮುಂಚೆ ಅವರು ಹೊರಸಿನ ಮೇಲೆ ಕುಳಿತು, ಎಡಗೈಯನ್ನು ಮೊಣಕಾಲ ಮೇಲೆ ಚಾಚಿ ಕಣ್ಣು ಮುಚ್ಚಿದರು. “ಹೆಬ್ಬೆರಳ ಒತ್ತವಾ. ಒತ್ತಿದ ಕೂಡ್ಲೆ ಹೇಳ್ತೀನಿ” ಎಂದರು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಮಸ್ಕಾರಕ್ಕೆ ಕಾಲು ಮುಟ್ಟಿದ್ದು ಬಿಟ್ಟರೆ ನಾನು ಅವರನ್ನು ಮುಟ್ಟಿದವಳಲ್ಲ. ಸೆರಗು ಸರಿಮಾಡಿಕೊಂಡು ಮುಂದೆ ಬಾಗಿ ಕುಳಿತೆ.

ಅವರು ಕಣ್ಣು ಮುಚ್ಚಿಯೇ ಕಾಯುತ್ತಿದ್ದರು.

“ನಾಚ್ಕೋಬ್ಯಾಡ. ನೀ ನನಗ ಮಗಳಿದ್ದಾಂಗ. ಒತ್ತು” ಎಂದರು.

ನಾನು ಆಗಲೇ ಉಗುರಿನ ಗುರುತು ಮೂಡುವಷ್ಟು ಒತ್ತಿ ಹಿಡಿದಿದ್ದೆ.