ಕಾಮಾಲೆಯೆಂಬ ಸುಳ್ಳು

ಸಿಟ್ಟು ಬಂದರೆ ರಿಯೋನಾಳ ಇಂಗ್ಲಿಷ್ ಎಲ್ಲಿಗೋ ಓಡಿಹೋಗುತ್ತದೆ. ಗಲ್ಫಿನ ಖೈತಾನಿನಲ್ಲಿಯೇ ಹುಟ್ಟಿ, ಅಲ್ಲಿನ ಇಂಡಿಯನ್ ಶಾಲೆಯಲ್ಲಿಯೇ ಓದಿ, ಈಗ ಕಚೇರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ ಅವಳು. ಆ ಶುಕ್ರವಾರ ಮಧ್ಯಾಹ್ನ ಫೋನು ಕೆಳಗಿಟ್ಟವಳೇ ಅಡುಗೆಮನೆಗೆ ನುಗ್ಗಿ ಅಚ್ಚ ಕೊಂಕಣಿಯಲ್ಲಿ ಕೇಳಿದಾಗ, ಏನೋ ಕೆಟ್ಟಿದೆಯೆಂದು ತಾಯಿ ಕಾರ್ಮೆಲ್‌ಗೆ ತಿಳಿದುಹೋಯಿತು.

“ಮಮ್ಮಿ, ಲಾಯ್ಡ್‌ನ ಹೆಸರನ್ನು ಪ್ರೇಯರ್ ಗ್ರೂಪಿಗೆ ಹಾಕಿದ್ದು ನೀನಾ?”

“ಪ್ರಾರ್ಥನೆಗೆ ಹಾಕಿದೆ ಬಾಯೆ. ಪಾಪದ ಹುಡುಗ, ಮನಸ್ಸಿನ ಕಾಯಿಲೆ. ನಾಲ್ಕು ಜನ ದೇವರಲ್ಲಿ ಬೇಡಿಕೊಂಡರೆ ಒಳ್ಳೆಯದಲ್ಲವಾ?”

“ತುಂಬ ಒಳ್ಳೆಯದಾಯಿತು! ಅವನನ್ನು ಊರಿಗೆ ಅಟ್ಟುತ್ತಾರಂತೆ. ಕೆಲಸ ಖಲಾಸ್!”

ಲಾಯ್ಡ್ ಅಲ್ಲಿನ ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದ ಗುತ್ತಿಗೆ ಕಂಪೆನಿಯೊಂದರಲ್ಲಿ ಎತ್ತರದ ಕಬ್ಬಿಣದ ಅಟ್ಟಣಿಗೆ ಕಟ್ಟುವವನು. ತಂದೆ ತೀರಿಕೊಂಡಾಗ ರಜೆ ಸಿಗದೆ, ಮಣ್ಣಿಗೂ ಹೋಗಲಾಗದೆ, ನಿದ್ದೆ ಬಿಟ್ಟುಹೋಗಿತ್ತು. ಆಗ ಅವನು ಫೋನು ಮಾಡಿದ್ದು ‘ಕಿವಿ’ಗೆ. ರಿಯೋನಾ ಮತ್ತು ಅವಳ ತಮ್ಮ ಆಲ್ರೊಯ್ ಸೇರಿ ಕಟ್ಟಿದ ಸಂಸ್ಥೆ ಅದು. ನೋಂದಣಿ ಮಂಗಳೂರಿನಲ್ಲಿ; ಮನೋವೈದ್ಯರೂ ಅಲ್ಲಿಯವರೇ. ತುಳುವಿನಲ್ಲೋ ಕೊಂಕಣಿಯಲ್ಲೋ ಫೋನಿನಲ್ಲಿಯೇ ಮಾತನಾಡಿಸುತ್ತಾರೆ. ರೋಗಿ ಕೈಲಾದುದನ್ನು ಕೊಟ್ಟರೆ ಸಾಕು, ಉಳಿದುದನ್ನು ಸಂಸ್ಥೆ ಭರಿಸುತ್ತದೆ.

ಆ ಸಂಸ್ಥೆ ಹುಟ್ಟಿದ್ದೂ ಸಿಟ್ಟಿನಿಂದಲೇ. ಕಾಲೇಜಿನ ದಿನಗಳಲ್ಲಿ ಆಲ್ರೊಯ್‌ಗೆ ಎದೆ ಬಿಗಿದು, ಮೈ ನಡುಗಿ, ಮನೆಯ ಹೊಸ್ತಿಲು ದಾಟಲಾಗದಂತೆ ಆಗಿತ್ತು. ವೈದ್ಯರ ಬಳಿ ಕೂತು ಮಾತನಾಡುವುದಕ್ಕೇ ಅಷ್ಟೊಂದು ಹಣ ಕೇಳಿದಾಗ ಅಪ್ಪ ತಮ್ಮ ಹಲ್ಲಿನ ಚಿಕಿತ್ಸೆಯನ್ನು ಮುಂದೂಡಿದರು. “ಸಂಬಳವಿರುವ ನಮಗೇ ಈ ಗತಿಯಾದರೆ ಕಾರ್ಮಿಕರ ಕ್ಯಾಂಪಿನಲ್ಲಿರುವವರು ಏನು ಮಾಡಬೇಕು?” ಎಂದು ಅಂದು ಕುದಿದ ರಿಯೋನಾ ಇಂದಿಗೂ ತಣ್ಣಗಾಗಿಲ್ಲ.

ಆದರೆ ‘ಕಿವಿ’ಗೆ ಕಚೇರಿ ಎಲ್ಲಿಯದು? ಮನೆಯ ಬಾಲ್ಕನಿಯೇ ಕಚೇರಿ; ಮೊದಲ ಕರೆ ಎತ್ತಿ ಕಷ್ಟ ಕೇಳುವವಳು ರಿಯೋನಾ. ಬಾಲ್ಕನಿಗೂ ಅಡುಗೆಮನೆಗೂ ನಡುವೆ ಇದ್ದುದು ಒಂದು ಕಿಟಕಿ. ಕಾರ್ಮೆಲ್ ಮೀನು ಹುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಪ್ರಾರ್ಥನಾ ಗುಂಪಿನಲ್ಲಿ ಲಾಯ್ಡ್‌ನ ಮೇಲ್ವಿಚಾರಕ ಕ್ಲೆಮೆಂಟ್ ಕೂಡ ಇದ್ದಾನೆಂಬುದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

“ಆಲ್ರೊಯ್ ಹಾಸಿಗೆ ಹಿಡಿದಿದ್ದಾಗ ಗ್ರೂಪಿಗೆ ಏನೆಂದು ಹಾಕಿದ್ದೆ, ಮಮ್ಮಿ?”

ಕಾರ್ಮೆಲ್ ಒಲೆಯ ಕಡೆಗೆ ತಿರುಗಿದರು. ಉತ್ತರವನ್ನೂ ರಿಯೋನಾಳೇ ಹೇಳಿದಳು.

“ಕಾಮಾಲೆ ಎಂದು! ಯಾರೋ ನೆಲನೆಲ್ಲಿಯ ಪುಡಿ ತಂದುಕೊಟ್ಟರು, ಇವನು ಅದನ್ನು ಕುಡಿದದ್ದೂ ಆಯಿತು. ನಿನ್ನ ಮಗನಿಗಾದರೆ ಕಾಮಾಲೆ, ಊರವರ ಮಗನಿಗಾದರೆ ಮನಸ್ಸಿನ ಕಾಯಿಲೆ!”

ಅಂದು ಸಂಜೆ ಗುಂಪಿನ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಅವರ ಮನೆಯಲ್ಲಿಯೇ ಇತ್ತು. ಪ್ರಾರ್ಥನೆ ಮುಗಿದು, ಚಹಾದ ಲೋಟಗಳು ಕೈಗೆ ಬರುತ್ತಲೇ ರಿಯೋನಾ ಕ್ಲೆಮೆಂಟ್‌ನ ಎದುರಿಗೆ ಬಂದು ನಿಂತಳು.

“ಅಂಕಲ್, ಇಲ್ಲಿ ಅವನಿಗಾಗಿ ಮೊಣಕಾಲೂರಿದಿರಿ. ಅಲ್ಲಿ ಅವನ ಮೇಲೆ ವರದಿ ಕೊಟ್ಟಿರಿ. ಯಾವುದು ಮೊದಲು?”

“ನಾಲಿಗೆ ಬಿಗಿಹಿಡಿ, ಬಾಯೆ. ಅವನು ಮೇಲಿಂದ ಬಿದ್ದರೆ ಜವಾಬು ಕೊಡುವವನು ನಾನು. ನೀವು ಎಸಿಯಲ್ಲಿ ಕೂತು ಸೇವೆ ಮಾಡುತ್ತೀರಿ, ಮೇಲೆ ಹತ್ತುವವರು ನೀವಲ್ಲವಲ್ಲ.”

“ಭಯವಿದ್ದರೆ ಕೆಳಗೆ ಕೆಲಸ ಕೊಡಬಹುದಿತ್ತು. ವೈದ್ಯರನ್ನು ಕೇಳಬಹುದಿತ್ತು. ಅವನನ್ನೇ ಒಂದು ಮಾತು ಕೇಳಿದಿರಾ?”

“ತಲೆ ಕೆಟ್ಟವನನ್ನು ಕೇಳುವುದೇನು?”

ಮೂಲೆಯಲ್ಲಿದ್ದ ಆಲ್ರೊಯ್ ಲೋಟವನ್ನು ಕೆಳಗಿಟ್ಟ. ಅವನು ಜನರ ನಡುವೆ ಬಾಯಿ ಬಿಡುವವನಲ್ಲ.

“ಅಂಕಲ್, ನಿಮ್ಮ ಮಗಳು ಶೆರಿಲ್‌ಗೆ ಲೆಕ್ಕ ಹೇಳಿಕೊಡುವವನು ನಾನು. ನನಗೂ ತಲೆ ಕೆಟ್ಟಿತ್ತು. ನಾಳೆಯಿಂದ ಬರಬೇಡವಾ?”

ಕ್ಲೆಮೆಂಟ್ ನಗಲು ನೋಡಿದ. “ಸುಮ್ಮನಿರು ಪುತಾ. ನಿನಗೆ ಬಂದಿದ್ದು ಕಾಮಾಲೆಯಲ್ಲವಾ?”

ಎಲ್ಲರೂ ಕಾರ್ಮೆಲ್ ಅವರ ಮುಖ ನೋಡಿದರು. ಅವರು ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟರು.

“ಅಲ್ಲ ಕ್ಲೆಮೆಂಟ್,” ಎಂದರು. “ನಾಚಿಕೆಯಾಗಿ ಸುಳ್ಳು ಹೇಳಿದೆ. ಆ ಹುಡುಗನ ಹೆಸರು ಹೇಳುವಾಗ ಮಾತ್ರ ನನಗೆ ನಾಚಿಕೆಯಾಗಲಿಲ್ಲ. ಅವನ ಕೆಲಸ ಹೋದರೆ ಆ ಪಾಪ ನನ್ನದು, ನಿನ್ನದೂ ಹೌದು. ಈಗಲೇ ಫೋನು ಮಾಡು.”

ಕ್ಲೆಮೆಂಟ್ ಲೋಟವನ್ನು ಅಲ್ಲಿಯೇ ಬಿಟ್ಟು ಎದ್ದುಹೋದ. ಆದರೆ ಮರುದಿನ ಆಲ್ರೊಯ್ ಪಾಠಕ್ಕೆ ಹೋದಾಗ ಬಾಗಿಲು ತೆರೆದವನು ಅವನೇ. ಮುಖವನ್ನು ಬೇರೆಡೆಗೆ ತಿರುಗಿಸಿಕೊಂಡು, “ಲಾಯ್ಡ್‌ನನ್ನು ಸ್ಟೋರಿನ ಕೆಲಸಕ್ಕೆ ಹಾಕಿಸಿದ್ದೇನೆ. ಡಾಕ್ಟರ ಪತ್ರ ತರಲಿ, ಮೇಲೆ ಹತ್ತುವ ಮಾತು ಆಮೇಲೆ,” ಎಂದ.

ಲಾಯ್ಡ್‌ನ ಕೆಲಸ ಉಳಿಯಿತು. ಆದರೆ ಅವನು ‘ಕಿವಿ’ಗೆ ಫೋನು ಮಾಡುವುದನ್ನೇ ಬಿಟ್ಟ. ರಿಯೋನಾ ಮಾಡಿದರೂ ಎತ್ತಲಿಲ್ಲ. ಅವಳಿಗೆ ಮತ್ತೆ ಸಿಟ್ಟು ಬಂತು. ಈ ಸಲ ಅದರಲ್ಲಿ ಹೆಚ್ಚಿನ ಪಾಲು ತನ್ನ ಬಾಲ್ಕನಿಯ ಮೇಲೆ. ಅಂದಿನಿಂದ ‘ಕಿವಿ’ಯ ಕಚೇರಿ ಕಟ್ಟಡದ ಹಿಂದೆ ನಿಲ್ಲಿಸಿದ ಆಲ್ರೊಯ್‌ನ ಹಳೆಯ ಕಾರಾಯಿತು.

ಬೇಸಿಗೆ ಕಾದು ಬೆಂಕಿಯಾಗಿದ್ದ ಒಂದು ಸಂಜೆ ಆ ಕಾರಿನಲ್ಲಿ ಫೋನು ರಿಂಗಾಯಿತು. ಎಸಿ ಕೆಟ್ಟು, ಗಾಜು ಇಳಿಸಿ ಕೂತಿದ್ದಳು ರಿಯೋನಾ.

“ಸಿಸ್ಟರ್, ನಾನು ಲಾಯ್ಡ್. ಪಕ್ಕದಲ್ಲಿ ಯಾರಾದರೂ ಇದ್ದಾರಾ?”

ಅವಳು ನಾಲ್ಕೂ ಗಾಜುಗಳನ್ನು ಏರಿಸಿದಳು. ಬೆವರು ಕಣ್ಣಿಗಿಳಿಯಿತು.

“ಈಗ ಯಾರೂ ಇಲ್ಲ. ಹೇಳಿ,” ಎಂದಳು.